ಅಟ್ಟದಲ್ಲಿ 212 ಕ್ಯಾಸೆಟ್ಟುಗಳಿವೆ: ಇಟ್ಟುಕೊಳ್ಳಲೇ, ಗುಜರಿಗೆ ಹಾಕಲೇ?

ಹಿನ್ನೀರು | ಭಾನುವಾರ, ಬೆಳಗ್ಗೆ 9:12

ಎಲ್ಲರಿಗೂ ನಮಸ್ಕಾರ. ಹೊಸನಗರದ ಕಡೆ ನಮ್ಮ ಊರಿನ ಮನೆಯ ಮಾಡು ಬಿಚ್ಚಿಸಿ ಹೊಸದಾಗಿ ಹೊದಿಸುವುದಿದೆ. ಅಟ್ಟ ಖಾಲಿ ಮಾಡುವಾಗ ಅಪ್ಪನ ಮೂರು ಟ್ರಂಕುಗಳು ಸಿಕ್ಕವು. ಮೂರರಲ್ಲೂ ಕ್ಯಾಸೆಟ್ಟುಗಳೇ. ನಿನ್ನೆ ಕುಳಿತು ಎಣಿಸಿದೆ, 212 ಇವೆ. ಅರ್ಧಕ್ಕರ್ಧ ಯಕ್ಷಗಾನ. ಅದರಲ್ಲೂ ಹೆಚ್ಚಿನವು ಅಪ್ಪನೇ ಆಟಕ್ಕೆ ಟೂ ಇನ್ ಒನ್ (ರೇಡಿಯೊ, ಟೇಪ್ ರೆಕಾರ್ಡರ್ ಎರಡೂ ಇರುವ ಯಂತ್ರ) ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿಕೊಂಡು ಬಂದವು. ಉಳಿದವು ಭಾವಗೀತೆ, ದಾಸರ ಪದ, ಹರಿಕಥೆ, ಸಿನಿಮಾ ಹಾಡುಗಳು.

ಮಗ ಫೋನಿನಲ್ಲಿ ಹತ್ತು ಹೆಸರು ಹುಡುಕಿದ, ಎಂಟು ಸಿಕ್ಕವು. "ಅಮ್ಮ, ಎಲ್ಲವೂ ಇಲ್ಲೇ ಇದೆ, ಇವನ್ನು ಗುಜರಿಗೆ ಹಾಕು" ಎಂದ. ಅದೇ ಮಗ ಕಳೆದ ತಿಂಗಳು ಮೂರು ಸಾವಿರ ರೂಪಾಯಿ ಕೊಟ್ಟು ಒಂದು ಎಲ್‌ಪಿ, ಅಂದರೆ ಹಾಡಿನ ದೊಡ್ಡ ಪ್ಲೇಟು, ತಂದಿದ್ದಾನೆ. ನಮ್ಮ ಮನೆಯಲ್ಲಿ ಅದನ್ನು ಹಾಕಿ ಕೇಳುವ ಯಂತ್ರವೇ ಇಲ್ಲ. ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದಾನೆ.

ನನಗೆ ಎರಡು ವಿಷಯ ಅರ್ಥವಾಗಬೇಕು. ಎಲ್ಲ ಹಾಡೂ ಫೋನಿನಲ್ಲಿ ಸಿಗುವ ಈ ಕಾಲದಲ್ಲಿ ಜನ ಮತ್ತೆ ಪ್ಲೇಟು, ಕ್ಯಾಸೆಟ್ಟು ಎಂದು ಹೋಗುತ್ತಿರುವುದೇಕೆ? ಎರಡನೆಯದು, ಈ ಟ್ರಂಕುಗಳನ್ನು ನಾನು ಏನು ಮಾಡಲಿ? ಜೂನ್ ಒಳಗೆ ಮಾಡು ಮುಗಿಯಬೇಕು.

ಕಾಫಿತೋಟ | ಬೆಳಗ್ಗೆ 9:20

ಗುಜರಿಗೆ ಮಾತ್ರ ಬೇಡ ಅಕ್ಕ. ದಮ್ಮಯ್ಯ.

ಡೆಸಿಬೆಲ್ | ಬೆಳಗ್ಗೆ 9:41

ಭಾವನೆಯನ್ನು ಸ್ವಲ್ಪ ಬದಿಗಿಟ್ಟು ನೋಡೋಣ ಮೇಡಂ. ನಿಮ್ಮ ರಾಶಿಯನ್ನು ಮೊದಲು ಎರಡು ಪಾಲು ಮಾಡಿ. ಕಂಪನಿಯಿಂದ ಬಂದ ಕ್ಯಾಸೆಟ್ಟುಗಳು ಒಂದು ಪಾಲು, ನಿಮ್ಮ ತಂದೆ ರೆಕಾರ್ಡ್ ಮಾಡಿದವು ಇನ್ನೊಂದು ಪಾಲು. ಮೊದಲನೆಯದನ್ನು ಕೊಟ್ಟುಬಿಡಬಹುದು. ಎರಡನೆಯದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಇಟ್ಟುಕೊಂಡರೂ ಸರಿ, ಬಿಟ್ಟರೂ ಸರಿ.

ಧ್ವನಿಯ ಗುಣಮಟ್ಟಕ್ಕಾಗಿ ಹಳೆಯದಕ್ಕೆ ಹೋಗುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ. 1982ರಲ್ಲಿ ಬಂದ ಸಿ.ಡಿ. ಒಂದು ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆಯುತ್ತದೆ. ಮನುಷ್ಯನ ಕಿವಿ ಕೇಳಬಲ್ಲ 20 ಕಿಲೋಹರ್ಟ್ಸ್‌ವರೆಗೆ ಅಷ್ಟು ಸಾಕು. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವೆ ಅದು ಕೊಡುವ ಅಂತರ ಸುಮಾರು 96 ಡೆಸಿಬೆಲ್. ಎಲ್‌ಪಿಗೂ ಕ್ಯಾಸೆಟ್ಟಿಗೂ ಅದರ ಹತ್ತಿರ ಬರಲು ಆಗುವುದಿಲ್ಲ. ಇದು ಲೆಕ್ಕ, ಅಭಿಪ್ರಾಯವಲ್ಲ.

ಸೂಜಿಮೊನೆ | ಬೆಳಗ್ಗೆ 10:02

@ಡೆಸಿಬೆಲ್ ಲೆಕ್ಕ ಸರಿ ಸರ್, ಆದರೆ ಕೇಳುವುದು ಲೆಕ್ಕವನ್ನಲ್ಲ. ಒಂದೇ ಆಲ್ಬಮ್ಮನ್ನು ಸಿ.ಡಿ.ಗೆ ಒಂದು ರೀತಿ, ಎಲ್‌ಪಿಗೆ ಇನ್ನೊಂದು ರೀತಿ ಹದ ಮಾಡುತ್ತಾರೆ. 1990ರ ದಶಕದಿಂದೀಚೆಗೆ ಸಿ.ಡಿ.ಗಳಲ್ಲಿ ಎಲ್ಲವನ್ನೂ ಒಂದೇ ಸಮ ಜೋರು ಮಾಡುವ ಪೈಪೋಟಿ ನಡೆಯಿತು. 96 ಡೆಸಿಬೆಲ್ ಅಂತರ ಇದ್ದರೂ ಅದನ್ನು ಬಳಸಲೇ ಇಲ್ಲ. ಎಲ್‌ಪಿಯಲ್ಲಿ ಹಾಗೆ ಒತ್ತಿ ತುಂಬಲು ಹೋದರೆ ಸೂಜಿ ಗೆರೆಯಿಂದ ಹಾರುತ್ತದೆ. ಆ ಮಿತಿಯೇ ಎಷ್ಟೋ ಸಂಗೀತವನ್ನು ಕಾಪಾಡಿತು.

ಡೆಸಿಬೆಲ್ | ಬೆಳಗ್ಗೆ 10:09

ಹದ ಮಾಡುವವನ ತಪ್ಪನ್ನು ತಟ್ಟೆಯ ಗುಣ ಎಂದು ಹೇಳಬಾರದು. ಎಲ್‌ಪಿಯ ಒಳಗಿನ ಸುತ್ತುಗಳಲ್ಲಿ ಸೂಜಿಯ ಅಡಿ ಗೆರೆ ಸಾಗುವ ವೇಗ ಹೊರಗಿನ ಸುತ್ತಿನ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಪ್ರತಿ ಬದಿಯ ಕೊನೆಯ ಹಾಡು ಸ್ವಲ್ಪ ಕಲಸಿದಂತೆ ಕೇಳುತ್ತದೆ. ಬೇಕಾದರೆ ಇಂದೇ ಕಿವಿಗೊಟ್ಟು ನೋಡಿ.

ಸೂಜಿಮೊನೆ | ಬೆಳಗ್ಗೆ 10:15

ಕೇಳಿದ್ದೇನೆ, ಒಪ್ಪುತ್ತೇನೆ. ಆದರೂ ಅದನ್ನೇ ಹಾಕುತ್ತೇನೆ. ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಎದ್ದು ಮಗುಚಿ ಹಾಕಬೇಕಾದಾಗ ನಾನು ಬೇರೆ ಕೆಲಸ ಮಾಡುತ್ತಿರುವುದಿಲ್ಲ. ಫೋನಿನಲ್ಲಿ ಹಾಡು ಹಾಕಿ ನಾನು ಪಾತ್ರೆ ತೊಳೆಯುತ್ತೇನೆ. ಎಲ್‌ಪಿ ಹಾಕಿದರೆ ಕುಳಿತುಕೊಳ್ಳುತ್ತೇನೆ.

ಸಾಧನಕೇರಿ | ಬೆಳಗ್ಗೆ 10:48

ನಮ್ಮ ಧಾರವಾಡದ ಮನೆಯಲ್ಲಿ 78 ವೇಗದ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳು ಒಂದು ಮರದ ಪೆಟ್ಟಿಗೆಯ ತುಂಬ ಇವೆ. ಅಜ್ಜ ಕೊಂಡವು. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಒಂದು ರಾಗವನ್ನು ಒಂದು ಗಂಟೆ ಹಾಡುವವರು ಆ ಮೂರು ನಿಮಿಷದೊಳಗೆ ಇಡೀ ರಾಗದ ರೂಪ ತೋರಿಸಬೇಕಿತ್ತು. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿ ಪ್ಲೇಟು ಕಂಪನಿಗೆ ಹಾಡಿದ್ದನ್ನು ಕೇಳಿದರೆ ಗೊತ್ತಾಗುತ್ತದೆ, ಒಂದು ಸ್ವರವೂ ಹೆಚ್ಚಿಗೆ ಇಲ್ಲ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳ ಮೇಲೆ ಅವರ ಹೆಸರು ಗಾಂಧಾರಿ ಎಂದು ಅಚ್ಚಾಗಿತ್ತು. ಆಗಿನ ಅವರ ಕಂಠ ಬೇರೆಯೇ, ತೆಳು ಮತ್ತು ಎತ್ತರ. ನಮಗೆ ಗೊತ್ತಿರುವ ಆ ಗಂಭೀರ ಧ್ವನಿ ಆಮೇಲಿನದು.

ಹೆಸರೇ ಬೇರೆ ಇರುವಾಗ ಫೋನಿನಲ್ಲಿ ಹುಡುಕುವವರು ಏನೆಂದು ಹುಡುಕಬೇಕು ಹೇಳಿ. ಪ್ಲೇಟನ್ನು ಕೈಯಲ್ಲಿ ಹಿಡಿದರೆ ಲೇಬಲ್ಲೇ ಎಲ್ಲ ಹೇಳುತ್ತದೆ.

ಅಂಗಡಿಬೀದಿ | ಬೆಳಗ್ಗೆ 11:30

ನಾನು ದಾವಣಗೆರೆಯಲ್ಲಿ 1986ರಿಂದ 2004ರವರೆಗೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಜನ ಮತ್ತೆ ಕೇಳುತ್ತಿದ್ದಾರೆ ಎಂದರೆ ನನಗೆ ಆಶ್ಚರ್ಯವಿಲ್ಲ. ಆಗ ಒಂದು ಕ್ಯಾಸೆಟ್ ಕೊಳ್ಳುವುದು ಎಂದರೆ ನಾಲ್ಕು ದಿನದ ಯೋಚನೆ. ಹುಡುಗರು ಸಂಜೆ ಬಂದು ಅಂಗಡಿಯಲ್ಲೇ ಒಂದು ಹಾಡು ಹಾಕಿಸಿ ಕೇಳುತ್ತಿದ್ದರು, ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು. ತಿಂಗಳ ಮೊದಲ ವಾರದಲ್ಲಿ ದುಡ್ಡು ಹೊಂದಿಸಿಕೊಂಡು ಬಂದು ಕೊಳ್ಳುತ್ತಿದ್ದರು. ಹಾಗೆ ಕೊಂಡದ್ದನ್ನು ಎರಡೂ ಬದಿ, ಒಂದು ಹಾಡೂ ಬಿಡದೆ, ವರ್ಷಗಟ್ಟಲೆ ಕೇಳುತ್ತಿದ್ದರು. ಇಷ್ಟವಾಗದ ಹಾಡೂ ಐದನೆಯ ಸಲಕ್ಕೆ ಇಷ್ಟವಾಗುತ್ತಿತ್ತು.

ನಮ್ಮ ಇನ್ನೊಂದು ಕೆಲಸ ತುಂಬಿಸಿಕೊಡುವುದು. ಗಿರಾಕಿ ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು, ಒಂದು ಖಾಲಿ ಕ್ಯಾಸೆಟ್ ಕೊಟ್ಟು ಹೋಗುತ್ತಿದ್ದರು. ಒಂದು ಗಂಟೆಯ ಸಿ-60 ಆದರೆ ಹನ್ನೆರಡು ಹಾಡು, ಒಂದೂವರೆ ಗಂಟೆಯ ಸಿ-90 ಆದರೆ ಹದಿನೆಂಟು. ಬದಿಯ ಕೊನೆಗೆ ಹಾಡು ಅರ್ಧಕ್ಕೆ ನಿಲ್ಲದ ಹಾಗೆ ಲೆಕ್ಕ ಹಾಕಿ ತುಂಬಿಸುವುದೇ ಒಂದು ಕಸುಬು. ಆ ಚೀಟಿಗಳಲ್ಲಿ ಕೆಲವನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಯಾರು ಯಾರನ್ನು ಇಷ್ಟಪಟ್ಟಿದ್ದರು ಎಂದು ಆ ಪಟ್ಟಿ ನೋಡಿದರೇ ತಿಳಿಯುತ್ತಿತ್ತು.

ತಬಲಾಸಾಥಿ | ಬೆಳಗ್ಗೆ 11:52

@ಅಂಗಡಿಬೀದಿ ನೀವು ಹಿರಿಯರು, ಬೇಸರ ಮಾಡಿಕೊಳ್ಳಬೇಡಿ. ಆದರೆ ಹಾಗೆ ತುಂಬಿಸಿಕೊಟ್ಟ ಒಂದೊಂದು ಕ್ಯಾಸೆಟ್ಟಿನಿಂದಲೂ ಹಾಡಿದವರಿಗೆ, ನುಡಿಸಿದವರಿಗೆ ಒಂದು ಪೈಸೆಯೂ ಬರಲಿಲ್ಲ. ಇದನ್ನು ಸಿಹಿ ನೆನಪು ಎಂದಷ್ಟೇ ಹೇಳಿ ಮುಗಿಸಬಾರದು.

ಅಂಗಡಿಬೀದಿ | ಮಧ್ಯಾಹ್ನ 12:05

ನೀವು ಹೇಳಿದ್ದು ನಿಜ. ಆಗ ನಮಗೆ ಅದು ತಪ್ಪು ಎಂದೇ ತೋಚಿರಲಿಲ್ಲ. ಈಗ ತೋಚುತ್ತದೆ. ಒಂದು ಮಾತು ಮಾತ್ರ ಕೇಳುತ್ತೇನೆ: ಈಗ ಫೋನಿನಲ್ಲಿ ಕೇಳಿದರೆ ನಿಮಗೆ ಎಷ್ಟು ಬರುತ್ತದೆ?

ತಬಲಾಸಾಥಿ | ಮಧ್ಯಾಹ್ನ 12:31

ನನಗೆ ಏನೂ ಬರುವುದಿಲ್ಲ. ನಾನು ಪಕ್ಕವಾದ್ಯದವನು, ಅಂದಿನ ದಿನಕ್ಕೆ ಅಂದಿನ ಸಂಭಾವನೆ ತೆಗೆದುಕೊಂಡು ಮುಗಿಯಿತು. ದುಡ್ಡಿಗಿಂತ ನನಗೆ ನೋವು ತರುವುದು ಬೇರೆ. 1991ರಲ್ಲಿ ನಾನು ನುಡಿಸಿದ ಒಂದು ಭಾವಗೀತೆಗಳ ಕ್ಯಾಸೆಟ್ಟಿನ ಒಳಗಿನ ಕಾಗದದಲ್ಲಿ ತಬಲಾ ಯಾರು, ಕೊಳಲು ಯಾರು, ರಿದಂ ಪ್ಯಾಡ್ ಯಾರು, ಧ್ವನಿಮುದ್ರಣ ಮಾಡಿದ್ದು ಯಾರು ಎಲ್ಲವೂ ಇತ್ತು. ಸಣ್ಣ ಅಕ್ಷರ, ಆದರೂ ಇತ್ತು. ನಮ್ಮ ತಾಯಿ ಆ ಕಾಗದವನ್ನು ದೇವರ ಮನೆಯಲ್ಲಿ ಇಟ್ಟಿದ್ದರು. ಅದೇ ಹಾಡುಗಳು ಈಗ ಫೋನಿನಲ್ಲಿವೆ. ಗಾಯಕರ ಹೆಸರು, ಕಂಪನಿಯ ಹೆಸರು, ಮುಗಿಯಿತು. ಒಂದು ಹಾಡಿಗೆ ಕವಿಯ ಹೆಸರೂ ಇಲ್ಲ!

ಮೇಡಂ, ಕಂಪನಿ ಕ್ಯಾಸೆಟ್ಟುಗಳನ್ನು ಕೊಟ್ಟುಬಿಡಿ ಎಂದು ಡೆಸಿಬೆಲ್ ಹೇಳಿದರು. ಕೊಡುವ ಮೊದಲು ಒಳಗಿನ ಕಾಗದಗಳ ಫೋಟೋ ತೆಗೆದುಕೊಳ್ಳಿ. ನಮ್ಮಂಥ ನೂರಾರು ಜನರ ಹೆಸರು ಈ ಲೋಕದಲ್ಲಿ ಅಚ್ಚಾಗಿರುವುದು ಅಲ್ಲಿ ಮಾತ್ರ.

ಕಾಫಿತೋಟ | ಮಧ್ಯಾಹ್ನ 12:40

ಈ ಮಾತು ನನಗೆ ಹೊಳೆದೇ ಇರಲಿಲ್ಲ. ಫೋಟೋ ಬೇಡ, ಆ ಕಾಗದಗಳನ್ನೇ ಇಟ್ಟುಕೊಳ್ಳಿ.

ಡೆಸಿಬೆಲ್ | ಮಧ್ಯಾಹ್ನ 12:44

ನಾನು ಹೇಳಿದ್ದನ್ನು ತಿದ್ದಿಕೊಳ್ಳುತ್ತೇನೆ. ಕಾಗದಗಳನ್ನು ಕೊಡಬೇಡಿ.

ಇಪ್ಪತ್ತೆರಡು | ಮಧ್ಯಾಹ್ನ 1:15

ಮೇಡಂ, ನಿಮ್ಮ ಮಗನ ಪರವಾಗಿ ನಾನು ಮಾತನಾಡುತ್ತೇನೆ. ನನ್ನ ವಯಸ್ಸು ಹೆಸರಿನಲ್ಲೇ ಇದೆ. ನನ್ನ ಬಳಿ ಆರು ಎಲ್‌ಪಿಗಳಿವೆ. ಮೊದಲ ಮೂರನ್ನು ಕೊಂಡಾಗ ನನ್ನ ಹತ್ತಿರವೂ ಯಂತ್ರ ಇರಲಿಲ್ಲ. ಇದು ನಮ್ಮ ಊರಿನ ಹುಚ್ಚಲ್ಲ. ಅಮೆರಿಕದಲ್ಲಿ ಎಲ್‌ಪಿ ಕೊಂಡವರಲ್ಲಿ ಯಂತ್ರ ಇರುವವರು ಅರ್ಧದಷ್ಟು ಮಾತ್ರ ಎಂದು ಸಂಗೀತ ಮಾರಾಟದ ಲೆಕ್ಕ ಇಡುವ ಲ್ಯೂಮಿನೇಟ್ ಸಂಸ್ಥೆ 2023ರಲ್ಲಿ ಹೇಳಿತ್ತು. 2022ರಲ್ಲಿ ಅಲ್ಲಿ ಸುಮಾರು 4.1 ಕೋಟಿ ಪ್ಲೇಟುಗಳು ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ. ಸಂಖ್ಯೆಯಲ್ಲಿ ಪ್ಲೇಟು ಸಿ.ಡಿ.ಯನ್ನು ಹಿಂದೆ ಹಾಕಿದ್ದು 1987ರ ಬಳಿಕ ಅದೇ ಮೊದಲು.

ನಾವು ಕೊಳ್ಳುವುದೇಕೆ ಎಂದರೆ, ನಮ್ಮ ಬಳಿ ಬೇರೇನೂ ಇಲ್ಲ. ನಿಮ್ಮ ತಲೆಮಾರಿಗೆ ಪುಸ್ತಕದ ಕಪಾಟು, ಫೋಟೋ ಆಲ್ಬಮ್, ಕ್ಯಾಸೆಟ್ಟಿನ ಡಬ್ಬ ಇತ್ತು. ಒಬ್ಬರ ಕೋಣೆಗೆ ಹೋದರೆ ಅವರು ಯಾರು ಎಂದು ತಿಳಿಯುತ್ತಿತ್ತು. ನಾನು ಕೇಳಿದ, ಓದಿದ, ನೋಡಿದ ಎಲ್ಲವೂ ಒಂದೇ ಗಾಜಿನ ಹಿಂದೆ ಇದೆ. ಆ ಒಂದು ಪ್ಲೇಟು ಗೋಡೆಗೆ ಒರಗಿ ನಿಂತಿದ್ದರೆ ನನಗೆ ಇಷ್ಟವಾದದ್ದು ಈ ಕೋಣೆಯಲ್ಲಿ ಇದೆ ಎಂಬ ಧೈರ್ಯ ಬರುತ್ತದೆ. ಅವನನ್ನು ಬೈಯಬೇಡಿ.

ಹಿನ್ನೀರು | ಮಧ್ಯಾಹ್ನ 1:32

ಬೈದಿಲ್ಲಪ್ಪ. ಆದರೆ ನೀನು ಹೇಳಿದ ಹಾಗೆ ಅವನು ಒಂದು ದಿನವೂ ನನಗೆ ಹೇಳಿಲ್ಲ. ಇದನ್ನು ಅವನಿಗೆ ಓದಿಸುತ್ತೇನೆ.

ಟೋಕಿಯೊಕನ್ನಡಿಗ | ಮಧ್ಯಾಹ್ನ 2:10

ಇಲ್ಲಿ ಟೋಕಿಯೊದ ಶಿಬುಯಾದಲ್ಲಿ ಟವರ್ ರೆಕಾರ್ಡ್ಸ್ ಎಂಬ ಸಂಗೀತದ ಅಂಗಡಿ ಒಂದು ಕಟ್ಟಡದ ತುಂಬ ಇದೆ. ಅಮೆರಿಕದಲ್ಲಿ ಆ ಅಂಗಡಿಗಳು 2006ರಲ್ಲೇ ಮುಚ್ಚಿದವು. ಜಪಾನಿನಲ್ಲಿ ಮಾತ್ರ ಬೇರೆ ಕಂಪನಿಯಾಗಿ ಉಳಿದುಕೊಂಡಿತು. ಈ ದೇಶದ ಸಂಗೀತ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಈಗಲೂ ಸಿ.ಡಿ., ಡಿ.ವಿ.ಡಿ.ಗಳಂಥ ವಸ್ತುಗಳಿಂದ ಬರುತ್ತದೆ. ಕೆಲಸ ಮುಗಿಸಿ ಕೋಟು ತೊಟ್ಟ ಮಧ್ಯವಯಸ್ಕರು ನಿಂತು ಒಂದೊಂದೇ ಸಿ.ಡಿ. ತೆಗೆದು ಹಿಂದುಮುಂದು ನೋಡಿ ಮತ್ತೆ ಇಡುತ್ತಾರೆ. ನನಗೆ ಗಾಂಧಿನಗರದ ಅಂಗಡಿಗಳ ನೆನಪಾಗುತ್ತದೆ.

ಚಂದಾದಾರ | ಮಧ್ಯಾಹ್ನ 2:38

ಎಲ್ಲರೂ ನೆನಪು, ಸ್ಪರ್ಶ ಎನ್ನುತ್ತಿದ್ದೀರಿ. ನನ್ನದು ಸರಳ ವ್ಯವಹಾರದ ಮಾತು. ಫೋನಿನಲ್ಲಿ ಇರುವುದು ನಮ್ಮದಲ್ಲ, ಬಾಡಿಗೆಯದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಹಾಡಿನ ಆ್ಯಪ್ ವಿಂಕ್ 2024ರಲ್ಲಿ ಮುಚ್ಚಿತು. 2023ರ ಮಾರ್ಚ್‌ನಲ್ಲಿ ಒಪ್ಪಂದ ಮುಂದುವರಿಯದೆ ಝೀ ಮ್ಯೂಸಿಕ್‌ನ ಹಾಡುಗಳೆಲ್ಲ ಸ್ಪಾಟಿಫೈನಿಂದ ಒಮ್ಮೆಲೇ ಮರೆಯಾದವು. ಕೇಳುಗರು ಮಾಡಿದ ತಪ್ಪೇನು? ನಾನು ಮಗಳ ನಾಮಕರಣಕ್ಕೆಂದು ಕಟ್ಟಿಟ್ಟಿದ್ದ ನಲವತ್ತು ಹಾಡುಗಳ ಪಟ್ಟಿಯಲ್ಲಿ ಈಗ ಹನ್ನೊಂದು ಬೂದು ಬಣ್ಣಕ್ಕೆ ತಿರುಗಿವೆ. ಒತ್ತಿದರೆ ಬರುವುದಿಲ್ಲ. ಅದೇ ದಿನ ಕೊಂಡಿದ್ದ ಸಿ.ಡಿ. ಇವತ್ತಿಗೂ ಬರುತ್ತದೆ.

ಡೆಸಿಬೆಲ್ | ಮಧ್ಯಾಹ್ನ 2:47

ಸಿ.ಡಿ.ಯೂ ಚಿರಂಜೀವಿ ಅಲ್ಲ. ಮನೆಯಲ್ಲಿ ಬರೆದ ಸಿ.ಡಿ.ಗಳ ಬಣ್ಣದ ಪದರ ಕೆಲವೇ ವರ್ಷಗಳಲ್ಲಿ ಕೆಡಬಹುದು. ಕಾರ್ಖಾನೆಯದು ಹೆಚ್ಚು ಬಾಳುತ್ತದೆ, ಅದಕ್ಕೂ ಕೊನೆ ಇದೆ. ಯಾವುದನ್ನೇ ಆಗಲಿ ಎರಡು ಪ್ರತಿ ಮಾಡಿ ಎರಡು ಊರಿನಲ್ಲಿ ಇಡಿ. ವಸ್ತು ಶಾಶ್ವತ ಎಂದು ನಂಬಿ ಕೂರಬೇಡಿ.

ಮೂಡುಗಾಳಿ | ಮಧ್ಯಾಹ್ನ 3:05

ನಮ್ಮ ಅತ್ತೆಗೆ ಕಾರವಾನ್ ಎಂಬ ಹಾಡಿನ ಪೆಟ್ಟಿಗೆ ತಂದುಕೊಟ್ಟಿದ್ದೇವೆ. ಹಾಡು ಮೊದಲೇ ತುಂಬಿರುತ್ತದೆ, ಗುಂಡಿ ತಿರುಗಿಸಿದರೆ ಸಾಕು. ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ಹಳೆಯದೋ ಹೊಸದೋ?

ಸೂಜಿಮೊನೆ | ಮಧ್ಯಾಹ್ನ 3:11

ಅದು ರೇಡಿಯೊದ ವೇಷ ತೊಟ್ಟ ಮೆಮೊರಿ ಕಾರ್ಡ್.

ಮೂಡುಗಾಳಿ | ಮಧ್ಯಾಹ್ನ 3:14

ಹಾಗೆ ತಳ್ಳಿಹಾಕಬೇಡಿ. 2017ರಲ್ಲಿ ಅದು ಬಂದಾಗ ಇಷ್ಟು ಜನ ಕೊಂಡದ್ದೇಕೆ? ಎಪ್ಪತ್ತೆಂಟು ವರ್ಷದ ಅತ್ತೆಗೆ ಫೋನಿನ ಗಾಜಿನ ಮೇಲೆ ಬೆರಳು ಓಡುವುದಿಲ್ಲ. ಗುಂಡಿ ತಿರುಗುತ್ತದೆ, ಟಕ್ ಎನ್ನುತ್ತದೆ, ಹಾಡು ಬರುತ್ತದೆ. ಕೈಗೆ ತಿಳಿಯುವ ವಸ್ತು ಬೇಕು ಎನ್ನುವುದೇ ಅಲ್ಲವೇ ನೀವೆಲ್ಲ ಹೇಳುತ್ತಿರುವುದು?

ಸೂಜಿಮೊನೆ | ಮಧ್ಯಾಹ್ನ 3:20

ಸರಿ, ಈ ಮಾತಿಗೆ ಸೋತೆ. ಅತ್ತೆಯವರಿಗೆ ನಮಸ್ಕಾರ ಹೇಳಿ.

ಕಾಫಿತೋಟ | ಸಂಜೆ 4:02

@ಸಾಧನಕೇರಿ ನಿಮ್ಮ 78ರ ಪ್ಲೇಟುಗಳನ್ನು ಒರೆಸುವುದು ಹೇಗೆ? ನನ್ನ ಬಳಿ ನಾಲ್ಕು ಇವೆ, ಧೂಳು ಗೆರೆಯೊಳಗೆ ಕೂತಿದೆ. ಔಷಧಿ ಅಂಗಡಿಯ ಸ್ಪಿರಿಟ್ ಹಾಕಿ ಒರೆಸಿದರೆ ಹೊಳೆಯುತ್ತವೆ ಎಂದು ಒಬ್ಬರು ಹೇಳಿದರು.

ಸಾಧನಕೇರಿ | ಸಂಜೆ 4:04

ಬೇಡ! ಸ್ಪಿರಿಟ್ ಮುಟ್ಟಿಸಬೇಡಿ. 78ರ ಪ್ಲೇಟು ಅರಗಿನದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸಿಕೊಳ್ಳುವುದಿಲ್ಲವೇ, ಅದೇ. ಒರೆಸಿದರೆ ಹೊಳೆಯುತ್ತದೆ, ಏಕೆಂದರೆ ಗೆರೆಗಳೇ ಕರಗಿಹೋಗಿರುತ್ತವೆ. ಬಟ್ಟಿ ಇಳಿಸಿದ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ದ್ರಾವಣ, ಮೆತ್ತನೆಯ ಬಟ್ಟೆ, ಗೆರೆಯ ಜಾಡಿನಲ್ಲೇ ಸುತ್ತಾಗಿ ಒರೆಸಿ ತಕ್ಷಣ ಒಣಗಿಸಿ. ಲೇಬಲ್ ಒದ್ದೆಯಾಗಬಾರದು. ಉಕ್ಕಿನ ಸೂಜಿಯನ್ನು ಒಂದು ಬದಿ ಮುಗಿದ ಕೂಡಲೇ ಬದಲಾಯಿಸಿ. ಸವೆದ ಸೂಜಿ ಪ್ಲೇಟನ್ನು ಕೆರೆಯುತ್ತದೆ.

ಕಾಫಿತೋಟ | ಸಂಜೆ 4:10

ಬಾಟಲಿ ಕೈಯಲ್ಲಿತ್ತು. ನಿಮ್ಮ ಹೊಟ್ಟೆ ತಣ್ಣಗಿರಲಿ.

ದೇವರಾಜಮಾರುಕಟ್ಟೆ | ಸಂಜೆ 4:35

ಪ್ಲೇಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಭಾರತದಲ್ಲಿ ಮೊದಮೊದಲು ಪ್ಲೇಟಿಗೆ ಹಾಡಿ ದೇಶವಿಡೀ ಹೆಸರಾದ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1902ರಲ್ಲಿ ಕೋಲ್ಕತ್ತದಲ್ಲಿ ಅವರ ಧ್ವನಿಮುದ್ರಣವಾಯಿತು. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು, ಯಾರ ಪ್ಲೇಟು ಎಂದು ತಿಳಿಯಲಿ ಎಂದು. 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ತಬಲಾಸಾಥಿಯವರು ಹೆಸರಿನ ಬಗ್ಗೆ ಹೇಳಿದ್ದನ್ನು ಓದಿದಾಗ ನೆನಪಾಯಿತು. ಆ ತಾಯಿ ತನ್ನ ಹೆಸರನ್ನು ಹಾಡಿನೊಳಗೇ ಸೇರಿಸಿಬಿಟ್ಟರು. ಅದನ್ನು ಯಾರೂ ಅಳಿಸಲಾಗಲಿಲ್ಲ.

ನಿರ್ವಾಹಕರು | ಸಂಜೆ 4:50

ಎಲ್ಲವೂ ಚೆನ್ನಾಗಿದೆ, ಆದರೆ ಹಿನ್ನೀರು ಅವರ ಎರಡನೆಯ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಮಳೆಗಾಲ ಹತ್ತಿರ ಬಂತು.

ಹಿನ್ನೀರು | ಸಂಜೆ 5:20

ಟ್ರಂಕುಗಳನ್ನು ಇಂದು ಪೂರ್ತಿ ತೆರೆದೆ. ಸುಮಾರು ಮೂವತ್ತರಲ್ಲಿ ರೀಲಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಅಪ್ಪನ ಟೂ ಇನ್ ಒನ್‌ನ ಬೆಲ್ಟ್ ಟಾರಿನಂತೆ ಕರಗಿ ಅಂಟಿಕೊಂಡಿದೆ.

ಒಂದು ಕ್ಯಾಸೆಟ್ಟಿನ ವಿಷಯ ಹೇಳಬೇಕು. ಅಪ್ಪನ ಅಕ್ಷರದಲ್ಲಿ "ಸಂಖ್ಯೆ 60, ಗದಾಪರ್ವ, ನಗರ, ಮಾರ್ಚ್ 87" ಎಂದಿದೆ (ನಗರ ಎಂಬುದು ನಮ್ಮ ಕಡೆಯ ಊರು). ಇದನ್ನು ನಾವು ಚಿಕ್ಕವರಿದ್ದಾಗ ನೂರಾರು ಸಲ ಕೇಳಿದ್ದೇವೆ. ಕೌರವ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ನಿಂತು ಭೀಮ ಹಂಗಿಸುತ್ತಾನೆ. ಹಾಡುವ ಭಾಗವತರು ಪದ್ಯ ಎತ್ತಿ ಎರಡನೆಯ ಸಾಲಿನ ನಡುವೆ ಇರುವಾಗ ಎ ಬದಿ ಮುಗಿದು ಟಕ್ ಎಂದು ನಿಲ್ಲುತ್ತದೆ. ಅಪ್ಪ ಕತ್ತಲಲ್ಲಿ ತಡವರಿಸಿ ಮಗುಚಿ ಹಾಕುವಷ್ಟರಲ್ಲಿ ಪದ್ಯ ಮುಗಿದು ಕೌರವ ಎದ್ದು ಅರ್ಥ ಹೇಳುತ್ತಿರುತ್ತಾನೆ. ಅಪ್ಪ ತೋಟದಲ್ಲಿ ಆ ಪದ್ಯ ಗುನುಗಿದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ನಾನೂ ಅಷ್ಟೇ. ಮಗ ಫೋನಿನಲ್ಲಿ ಬೇರೊಬ್ಬ ಭಾಗವತರದ್ದು ಹಾಕಿದ, ಪದ್ಯ ನಿಲ್ಲದೆ ಮುಂದೆ ಹೋಯಿತು. ನನಗೆ ಎದೆ ಹಿಡಿದಂತಾಯಿತು, ಏಕೆಂದು ಅವನಿಗೆ ಹೇಳಲು ಆಗಲಿಲ್ಲ.

ಡೆಸಿಬೆಲ್ | ಸಂಜೆ 5:41

ಸಂಖ್ಯೆ 60ನ್ನು ಈಗ ಯಾವ ಯಂತ್ರಕ್ಕೂ ಹಾಕಬೇಡಿ ಮೇಡಂ. ನಾನು ಹೇಳಿದ ಹಾಗೆ ಮಾಡಿ. ಬೂಷ್ಟು ಹಿಡಿದವನ್ನು ಬೇರೆ ಡಬ್ಬಕ್ಕೆ ಹಾಕಿ, ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಕೆಲವು ದಿನ ಒಣಗಲು ಬಿಡಿ. ಬಿಸಿಲಿಗೆ ಇಡಬೇಡಿ, ರೀಲು ಸುರುಟುತ್ತದೆ. ಆಮೇಲೆ ಪೆನ್ಸಿಲ್ ಹಾಕಿ ಕೈಯಲ್ಲೇ ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ಸುತ್ತುತ್ತ ಮೆತ್ತನೆಯ ಒಣ ಬಟ್ಟೆಯ ನಡುವೆ ರೀಲನ್ನು ಸಾಗಿಸಿ. ಹೊರಗಿನ ಪೆಟ್ಟಿಗೆಗೆ ಐದು ತಿರುಪು ಇದ್ದರೆ ಬಿಚ್ಚಿ, ರೀಲನ್ನು ಇನ್ನೊಂದು ಒಳ್ಳೆಯ ಪೆಟ್ಟಿಗೆಗೆ ಕೂರಿಸಬಹುದು. ಅಂಟಿಸಿದ್ದಾದರೆ ನನಗೆ ಕಳಿಸಿ.

ಹಿಂಬದಿಯ ಎರಡು ಹಲ್ಲುಗಳನ್ನು ನೋಡಿ. ಮುರಿದಿರದಿದ್ದರೆ ಈಗಲೇ ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ.

ಮತ್ತೆ, ಸ್ಪೀಕರ್ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಬೇಡಿ. ಯಂತ್ರದಿಂದ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಬೇಕು. ರೀಲಿನಿಂದ ಧ್ವನಿ ಓದುವ ಹೆಡ್‌ನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚಂಡೆಯ ಪೆಟ್ಟು ಒಮ್ಮೆಲೇ ಸ್ಪಷ್ಟವಾಗುತ್ತದೆ. ನಿಮ್ಮ ತಂದೆಯ ಯಂತ್ರದ ಹೆಡ್‌ನ ಓರೆಗೆ ನಮ್ಮ ಯಂತ್ರದ ಹೆಡ್‌ನ ಓರೆ ಹೊಂದಬೇಕು, ಅಷ್ಟೇ ಗುಟ್ಟು. ನಾನು ಬೆಂಗಳೂರಿನಲ್ಲೇ ಇದ್ದೇನೆ, ದುಡ್ಡು ಬೇಡ.

ಮದ್ದಳೆಗಾರ | ಸಂಜೆ 6:15

ನಾನು ಕೋಟದವನು. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಕಡೆ ಆಟದಲ್ಲಿ ರಂಗಸ್ಥಳದ ಮುಂದೆ ಸಾಲಾಗಿ ಟೇಪ್ ರೆಕಾರ್ಡರುಗಳು ಕೂತಿರುತ್ತಿದ್ದವು. ಹತ್ತು, ಹದಿನೈದು. ಒಂದು ಬದಿ ಮುಗಿದು ಟಕ್ ಟಕ್ ಎಂದು ಒಂದಾದ ಮೇಲೊಂದು ಸದ್ದು. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಹೋದ ಮೇಲೆ ಆ ಕ್ಯಾಸೆಟ್ಟುಗಳು ಒಂದೊಂದೂ ಬಂಗಾರವಾದವು. ಅವರ ಪದ್ಯಗಳು ಇಂದು ಫೋನಿನಲ್ಲಿ ಇಷ್ಟು ಸಿಗುತ್ತವೆ ಎಂದರೆ ಅವನ್ನು ಯಾವುದೋ ಮನೆಯ ಅಟ್ಟದಲ್ಲಿ ಯಾರೋ ಎಸೆಯದೆ ಇಟ್ಟಿದ್ದರು ಎಂದರ್ಥ. ನಿಮ್ಮ ಮಗನಿಗೆ ಇದನ್ನು ಹೇಳಿ.

ಇನ್ನೊಂದು. ರಾತ್ರಿ ಆಟಕ್ಕೆ ಆರು ದೊಡ್ಡ ಸೆಲ್ಲು ಹಾಕಿಕೊಂಡು ಹೋಗುತ್ತಿದ್ದೆವು. ಬೆಳಗಿನ ಜಾವಕ್ಕೆ ಸೆಲ್ಲು ಸೋತು ಯಂತ್ರ ನಿಧಾನವಾಗುತ್ತಿತ್ತು. ನಿಧಾನಕ್ಕೆ ರೆಕಾರ್ಡ್ ಆದದ್ದು ಮನೆಯಲ್ಲಿ ಸರಿಯಾದ ವೇಗಕ್ಕೆ ಹಾಕಿದರೆ ಓಡುತ್ತದೆ, ಶ್ರುತಿ ಏರುತ್ತದೆ. ಭಾಗವತರು ಬೆಳಗಿನ ಜಾವಕ್ಕೆ ಏರು ಶ್ರುತಿಗೆ ಹೋಗುತ್ತಾರೆ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ!

ಒಂದು ಪ್ರಶ್ನೆ ಅಕ್ಕ. 87ರ ಮಾರ್ಚ್, ನಗರ ಎಂದಿರಲ್ಲ, ಅದು ಶಾಲೆಯ ಹಿಂದಿನ ಗದ್ದೆಯಲ್ಲಿ ಆದ ಆಟವೇ?

ಹಿನ್ನೀರು | ಸಂಜೆ 6:22

ಹೌದು. ನನಗೆ ಆಗ ಒಂಬತ್ತು ವರ್ಷ. ಕಂಬಳಿ ಹೊದ್ದು ಮಲಗಿಬಿಟ್ಟಿದ್ದೆ. ನಿಮಗೆ ಹೇಗೆ ಗೊತ್ತು?

ಮದ್ದಳೆಗಾರ | ಸಂಜೆ 6:26

ನನ್ನ ತಂದೆ ಆಗ ಆ ಶಾಲೆಯಲ್ಲಿ ಮಾಸ್ತರರಾಗಿದ್ದರು. ಅವರದ್ದೂ ಒಂದು ಟೇಪ್ ರೆಕಾರ್ಡರ್ ಆ ಸಾಲಿನಲ್ಲಿತ್ತು. ಕ್ಯಾಸೆಟ್ ಮನೆಯಲ್ಲಿ ಇರಬೇಕು. ನಾಳೆ ಹುಡುಕುತ್ತೇನೆ.

ಸೂಜಿಮೊನೆ | ಸಂಜೆ 6:27

ನನಗೆ ಮೈ ಜುಮ್ಮೆಂದಿತು.

ಡೆಸಿಬೆಲ್ | ಸಂಜೆ 6:40

@ಮದ್ದಳೆಗಾರ ನಿಮ್ಮ ತಂದೆ ಯಾವ ಕ್ಯಾಸೆಟ್ ಬಳಸಿದ್ದರು? ಸಿ-60 ಆಗಿದ್ದರೆ ಬದಿ ಮೂವತ್ತು ನಿಮಿಷಕ್ಕೆ ಮುಗಿಯುತ್ತದೆ, ಸಿ-90 ಆದರೆ ನಲವತ್ತೈದಕ್ಕೆ. ಇಬ್ಬರೂ ಬೇರೆ ಬೇರೆ ಹೊತ್ತಿಗೆ ಮಗುಚಿದ್ದರೆ ಒಬ್ಬರಲ್ಲಿ ತಪ್ಪಿದ ಭಾಗ ಇನ್ನೊಬ್ಬರಲ್ಲಿ ಇರುತ್ತದೆ.

ಮದ್ದಳೆಗಾರ | ಸೋಮವಾರ, ರಾತ್ರಿ 9:30

ಸಿಕ್ಕಿತು. ಸಿ-60, ಹಿಟ್ಟಿನ ಡಬ್ಬದಲ್ಲಿ ಒಣಗಿಯೇ ಇತ್ತು, ಬೂಷ್ಟು ಇಲ್ಲ. ಹಾಕಿ ನೋಡಿದೆ. ಭೀಮನ ಪದ್ಯ ಪೂರ್ತಿ ಇದೆ.

ಹಿನ್ನೀರು | ರಾತ್ರಿ 9:34

ಈಗ ಏನು ಬರೆಯಬೇಕೋ ತಿಳಿಯುತ್ತಿಲ್ಲ. ದಯವಿಟ್ಟು ಕಳಿಸಿ.

ಡೆಸಿಬೆಲ್ | ಮೂರು ವಾರಗಳ ಬಳಿಕ, ಶನಿವಾರ, ಬೆಳಗ್ಗೆ 8:15

ಎರಡೂ ಕ್ಯಾಸೆಟ್ಟುಗಳನ್ನು ಇಳಿಸಿಯಾಯಿತು. ಮೇಡಂ ಅವರದ್ದು ಮುಕ್ಕಾಲು ಸ್ವರದಷ್ಟು ಏರಿತ್ತು, ಸೆಲ್ಲು ಸೋತ ಯಂತ್ರ. ಮಾಸ್ತರರದ್ದು ಸರಿಯಾಗಿತ್ತು. ಅದರಲ್ಲಿ ಕೇಳಿಸುವ ಶ್ರುತಿ ಪೆಟ್ಟಿಗೆಯ ಸದ್ದಿಗೆ ಹೊಂದಿಸಿ ಮೇಡಂ ಅವರದ್ದರ ಶ್ರುತಿ ಇಳಿಸಿದೆ. ನಡುವಿನ 1 ನಿಮಿಷ 50 ಸೆಕೆಂಡನ್ನು ಮಾಸ್ತರರ ಕ್ಯಾಸೆಟ್ಟಿನಿಂದ ತೆಗೆದು ಸೇರಿಸಿದೆ. ಸೇರಿಸದೆ ಇದ್ದ ಮೂಲವನ್ನೂ ಹಾಗೆಯೇ ಇಟ್ಟಿದ್ದೇನೆ, ಅದನ್ನು ಅಳಿಸಬೇಡಿ.

ಮಾಸ್ತರರ ಕ್ಯಾಸೆಟ್ಟಿನಲ್ಲಿ ಪದ್ಯದ ನಡುವೆ ಪಕ್ಕದಲ್ಲೇ ಒಂದು ಟಕ್ ಸದ್ದು ಇದೆ, ಆಮೇಲೆ ಯಾರೋ ಮೆಲ್ಲನೆ "ಅಯ್ಯೋ" ಎನ್ನುತ್ತಾರೆ. ಮೇಡಂ, ಆ ಧ್ವನಿ ಯಾರದ್ದು ಎಂದು ನೀವು ಹೇಳಬೇಕು.

ಹಿನ್ನೀರು | ಬೆಳಗ್ಗೆ 10:50

ಅಪ್ಪನದ್ದು.

ಮಗನಿಗೂ ಕೇಳಿಸಿದೆ. ಈಗ ಇಬ್ಬರೂ ಕುಳಿತು ಪಟ್ಟಿ ಮಾಡುತ್ತಿದ್ದೇವೆ, ಒಳಗಿನ ಕಾಗದಗಳನ್ನು ಅವನೇ ಸ್ಕ್ಯಾನ್ ಮಾಡುತ್ತಿದ್ದಾನೆ. ತಬಲಾಸಾಥಿಯವರೇ, 1991ರ ಭಾವಗೀತೆಗಳ ನಾಲ್ಕು ಕ್ಯಾಸೆಟ್ಟುಗಳಿವೆ. ನಿಮ್ಮದು ಯಾವುದೆಂದು ತಿಳಿಸಿದರೆ ಅದನ್ನು ನಿಮಗೇ ಕಳಿಸುತ್ತೇನೆ.

@ಮದ್ದಳೆಗಾರ ಸಂಖ್ಯೆ 61 ಅದೇ ರಾತ್ರಿಯ ಮುಂದಿನ ಭಾಗ. ಅದರಲ್ಲೂ ಬದಿ ಮಗುಚುವಾಗ ಗದಾಯುದ್ಧದ ಮೊದಲ ಪದ್ಯ ತಪ್ಪಿದೆ. ಮಾಸ್ತರರ ಮುಂದಿನ ಕ್ಯಾಸೆಟ್ ಆ ಡಬ್ಬದಲ್ಲಿ ಇದೆಯೇ, ಇನ್ನೊಮ್ಮೆ ನೋಡುತ್ತೀರಾ?